ಹಮ್ದಮಣ್ಣನ ಬ್ಯಾಟರಿ ಇಳಿಯುತ್ತಿದ್ದ ಚಳಿಗಾಲ

ಕೊಕಂದಿನ ಟ್ಯಾಕ್ಸಿ ನಿಲ್ದಾಣದಲ್ಲಿ ಹಮ್ದಮಣ್ಣನಷ್ಟು ಬಾಯಿಬಡುಕ ಡ್ರೈವರ್ ಇನ್ನೊಬ್ಬನಿಲ್ಲ. ಕಣಿವೆಯ ಜನರನ್ನು ಘಟ್ಟ ಹತ್ತಿಸಿ ತಾಷ್ಕೆಂಟಿಗೆ ಮುಟ್ಟಿಸುವುದು ಅವನ ಕೆಲಸ, ದಾರಿಯುದ್ದಕ್ಕೂ ಅವರ ತಲೆ ತಿನ್ನುವುದು ಅವನ ಸುಖ. ಮೊಮ್ಮಗು ಕಾಣುವ ವಯಸ್ಸಾದರೂ ಟೋಪಿಯನ್ನು ಓರೆಯಾಗಿಯೇ ಇಟ್ಟುಕೊಳ್ಳುತ್ತಾನೆ. ಕಾರಿನ ವೈರು, ಬ್ಯಾಟರಿ ನೋಡುವ ನನ್ನ ಅಂಗಡಿ ನಿಲ್ದಾಣದ ಹಿಂದೆಯೇ ಇರುವುದರಿಂದ ಅವನ ಮಾತಿನಿಂದ ನನಗೆ ಬಿಡುಗಡೆಯಿಲ್ಲ.

ಕಳೆದ ಚಳಿಗಾಲ ಅವನ ಹೆಂಡತಿ ಸಲೋಮತ್ ಅತ್ತಿಗೆ ಮಗಳ ಬಾಣಂತನಕ್ಕೆಂದು ದೂರದ ತೆರ್ಮೆಜಿಗೆ ಹೋದಳು. ಮಾರನೆಯ ದಿನದಿಂದಲೇ ಇವನ ಜಂಬ ಶುರುವಾಯಿತು.

"ಅಬ್ಬಬ್ಬಾ, ಮನೇಲಿ ಎಂಥ ನೆಮ್ಮದಿ ಅಂತೀಯ ನಿಯಾಜ್! ಹೇಳೋರಿಲ್ಲ, ಕೇಳೋರಿಲ್ಲ. ಮದುವೆಯಾದ ಮೇಲೆ ಬಿಸಿ ಚಹಾ ನಿಧಾನಕ್ಕೆ ಕುಡೀತಿರೋದು ಇದೇ ಮೊದಲು."

ನಿಲ್ದಾಣವೆಲ್ಲ ನಗುತ್ತಿತ್ತು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಅಂಥ ಬಂಗಾರದಂಥ ಹೆಂಗಸನ್ನು ಕಟ್ಟಿಕೊಂಡು ಇವನು ಆಡುವ ಮಾತು ನೋಡಿ!

ಅದೇ ಹೊತ್ತಿಗೆ ಅವನ ಬ್ಯಾಟರಿ ಕೈಕೊಡತೊಡಗಿತು. ಪುಟ್ಟ ಕಾರು, ಬ್ಯಾಟರಿಯೂ ಪುಟ್ಟದೇ. ಬೆಳಿಗ್ಗೆ ಚಾವಿ ತಿರುಗಿಸಿದರೆ ಎಂಜಿನ್ ನರಳುತ್ತಿತ್ತು. ಒಂದು ದಿನ ಓಡಿಸದೆ ನಿಲ್ಲಿಸಿದರಂತೂ ನರಳಾಟವೂ ಇಲ್ಲ. ಹೊಸ ಬ್ಯಾಟರಿ ಹಾಕಿಸಿದ, ಅದೂ ಇಳಿಯಿತು. ಕೊನೆಗೆ ಯಾರೋ ಹೇಳಿದರೆಂದು ರಾತ್ರಿ ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಲೆಯ ಪಕ್ಕ ಇಡತೊಡಗಿದ. ಬೆಳಿಗ್ಗೆ ಗಾಡಿ ಜುಮ್ಮೆಂದು ಹೊರಡುತ್ತಿತ್ತು.

"ಚಳಿ ಕಣೋ, ಚಳಿ! ಹೆಂಡತಿ ಜಾಗದಲ್ಲಿ ಈಗ ಬ್ಯಾಟರೀನ ಮಲಗಿಸ್ಕೊಂಡಿದೀನಿ. ಇದಾದ್ರೆ ಬೈಯೋದಿಲ್ಲ," ಎಂದು ನಿಲ್ದಾಣಕ್ಕೆಲ್ಲ ಸಾರಿದ.

ಆದರೆ ಅತ್ತಿಗೆ ಬರುವ ದಿನ ಹತ್ತಿರವಾದಾಗ ಅವನ ಮುಖ ಬಾಡಿತು. ಒಂದು ಮಧ್ಯಾಹ್ನ ಕಾರನ್ನು ಸೀದಾ ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿದ.

"ನಾಡಿದ್ದು ಬೆಳಗ್ಗೆ ತಾಷ್ಕೆಂಟಿಗೆ ಅವಳ ರೈಲು ಬರುತ್ತೆ. ಹಿಂದಿನ ರಾತ್ರಿ ನಾನು ಸ್ಟೇಷನ್ ಮುಂದೆ ಕಾರಲ್ಲೇ ಮಲಗಬೇಕು. ಅಲ್ಲಿ ಯಾವ ಒಲೆ ಹುಡುಕ್ಲಿ? ಮದುವೆ ದಿನಾನೂ ಗಾಡಿ ನಿಂತು, ಮದುಮಗಳ ಕೈಲೇ ನೂಕಿಸಿದ್ದೆ. ಅದನ್ನ ಇವತ್ತಿಗೂ ಎತ್ತಾಡ್ತಾಳೆ. 'ಈ ಸಲವೂ ನೂಕಿಸಿದ್ರೆ ಅದೇ ರೈಲು ಹತ್ತಿ ಮಗಳ ಮನೆಗೆ ವಾಪಸ್ ಹೋಗ್ತೀನಿ' ಅಂದಿದಾಳೆ. ಅವಳು ಹೇಳಿದ್ರೆ ಮಾಡೋಳೇ ಕಣೋ."

"ಹೋಗ್ಲಿ ಬಿಡಣ್ಣ, ನಿನಗೆ ನೆಮ್ಮದಿಯಲ್ವಾ?" ಎಂದೆ.

ಅವನು ನಗಲಿಲ್ಲ. ನಾನು ಬಾನೆಟ್ ಎತ್ತಿದೆ.

"ಇದು ಚಳಿಯಲ್ಲ. ಒಳಗೆ ಒಯ್ಯೋವಾಗ ವೈರು ಬಿಚ್ತೀಯಲ್ಲ, ಅದಕ್ಕೇ ಬ್ಯಾಟರಿ ಉಳೀತಿತ್ತು. ಗಾಡಿ ನಿಂತಾಗ ಯಾವುದೋ ಒಂದು ಕದ್ದು ಕುಡೀತಿದೆ."

ಎಂಜಿನ್ ಆರಿಸಿ, ಬ್ಯಾಟರಿಯ ಒಂದು ವೈರು ಬಿಚ್ಚಿ, ನಡುವೆ ಮೀಟರ್ ಸಿಕ್ಕಿಸಿದೆ. ಮುಳ್ಳು ಮೇಲೆದ್ದು ನಿಂತಿತು. ಒಂದೊಂದಾಗಿ ಫ್ಯೂಸ್ ಕೀಳುತ್ತಾ ಬಂದೆ. ಒಳಗಿನ ದೀಪಗಳ ಫ್ಯೂಸ್ ಕಿತ್ತಾಗ ಮುಳ್ಳು ತಟಕ್ಕನೆ ಕೆಳಗೆ ಬಿತ್ತು. ಫ್ಯೂಸ್ ಮತ್ತೆ ಹಾಕಿ ನೋಡಿದರೆ ಚಾವಣಿಯ ದೀಪ ಆರಿತ್ತು, ಡಿಕ್ಕಿಯ ದೀಪವೂ ಆರಿತ್ತು. ಉಳಿದದ್ದು ಡ್ಯಾಶ್‌ಬೋರ್ಡಿನ ಖಾನೆಯ ದೀಪ. ಖಾನೆಯ ಮುಚ್ಚಳ ಪೂರ್ತಿ ಕೂರದೆ, ರಬ್ಬರ್ ಪಟ್ಟಿ ಬಿಗಿದು ಕಟ್ಟಿತ್ತು.

ಕೈ ಹಾಕಿದೆ. ಹಮ್ದಮಣ್ಣ ಓಡಿಬಂದು ತನ್ನ ಕೈ ಅಡ್ಡ ಇಟ್ಟ.

"ಅಲ್ಲೇನಿಲ್ಲ. ಬರೀ ಕಾಗದ ಪತ್ರ."

"ಅಣ್ಣ, ಕೈ ತೆಗಿ."

"ಅಲ್ಲೇನಿಲ್ಲ ಅಂದ್ನಲ್ಲೋ!"

"ಹಂಗಾದ್ರೆ ಅತ್ತಿಗೆ ಕೈಲಿ ಗಾಡಿ ನೂಕಿಸು, ಹೋಗು!" ಎಂದು ರೇಗಿಬಿಟ್ಟೆ.

ಕೈ ಸರಿಯಿತು. ರಬ್ಬರ್ ಬಿಚ್ಚಿದರೆ ಒಳಗೆ ಹೂವಿನ ಬಟ್ಟೆಯ ಗಂಟು, ಅದರ ಹಿಂದೆ ಪುಟ್ಟ ಬಲ್ಬು. ಮುಟ್ಟಿದರೆ ಸುಡುತ್ತಿತ್ತು. ಮುಚ್ಚಳ ಬಿಗಿಯಾಗಿ ಕೂತರೆ ತಾನೇ ಅದು ಆರುವುದು? ಗಂಟಿನಲ್ಲಿ ತಂದೂರಿನ ದುಂಡು ರೊಟ್ಟಿಯಿತ್ತು. ಒಣಗಿ ಮರದ ಹಲಗೆಯಾಗಿತ್ತು. ಅಂಚಿನಲ್ಲಿ ಒಂದೇ ಒಂದು ತುತ್ತು ಕಚ್ಚಿದ ಗುರುತು.

ನನಗೆ ಅರ್ಥವಾಯಿತು. ನಮ್ಮ ಕಡೆ ದೂರ ಹೋಗುವವರು ರೊಟ್ಟಿ ಕಚ್ಚಿ ಕೊಟ್ಟು ಹೋಗುತ್ತಾರೆ, ಮರಳಿ ಬಂದು ಉಳಿದದ್ದನ್ನು ಅವರೇ ತಿನ್ನಬೇಕು. ಅಲ್ಲಿಯವರೆಗೆ ನಾವದನ್ನು ಮನೆಯ ಗೋಡೆಗೆ ತೂಗುಹಾಕುತ್ತೇವೆ. ಕಾರಿನಲ್ಲಿ ಇಟ್ಟವರನ್ನು ನಾನು ಕಂಡಿರಲಿಲ್ಲ.

"ಮನೇಲಿಡೋದಲ್ವೇನಣ್ಣ ಇದು?"

"ಮನೇಲಿ ನಾನೆಲ್ಲಿರ್ತೀನೋ? ಹೊತ್ತು ಹುಟ್ಟಿದ್ರೆ ಇದರಲ್ಲೇ." ಅವನ ದನಿ ಇಳಿದಿತ್ತು. "ಆ ಮನೆಗೆ ಹೋಗೋಕೇ ಮನಸ್ಸಾಗಲ್ಲ. ಇದು ಇಲ್ಲಿದ್ರೆ ಅವಳೇ ಪಕ್ಕದಲ್ಲಿ ಕೂತ ಹಾಗಿರುತ್ತೆ. ಯಾರಿಗೂ ಹೇಳ್ಬೇಡ, ನಿನ್ನ ದಮ್ಮಯ್ಯ."

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಇಷ್ಟು ದಿನ ಇವನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆನಲ್ಲ ಎಂದು ಕಸಿವಿಸಿಯಾಯಿತು. ರೊಟ್ಟಿಯನ್ನು ಸೀಟಿಗಾದರೂ ಎತ್ತಿಡೋಣವೆಂದರೆ ಒಪ್ಪಲಿಲ್ಲ. ಅವಳು ಬರುವವರೆಗೆ ಅದು ಇಟ್ಟಲ್ಲಿಂದ ಕದಲಕೂಡದಂತೆ. ಹಾಗಾಗಿ ಬಲ್ಬನ್ನೇ ಕಿತ್ತೆ. ಮುಳ್ಳು ಸೊನ್ನೆಯ ಹತ್ತಿರ ತೆಪ್ಪಗೆ ಕೂತಿತು. ಆ ರಾತ್ರಿಯೇ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಬೆಳಿಗ್ಗೆ ಕೊಟ್ಟೆ.

ಅದರ ಮಾರನೆಯ ದಿನ ಮಧ್ಯಾಹ್ನ ಕಾರು ಹಾರ್ನ್ ಹೊಡೆಯುತ್ತಾ ನಿಲ್ದಾಣಕ್ಕೆ ಬಂತು. ಅತ್ತಿಗೆ ಇಳಿದು ಸೀದಾ ನನ್ನ ಅಂಗಡಿಗೆ ಬಂದಳು, ಹಿಂದೆ ಹಮ್ದಮಣ್ಣ, ಅವನ ಹಿಂದೆ ನಗಲು ತಯಾರಾದ ಡ್ರೈವರುಗಳು.

"ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತಪ್ಪ ನಿಯಾಜ್! ದಾರೀಲಿ ಇವರು ಎಲ್ಲಾ ಹೇಳಿದ್ರು. ಘಟ್ಟ ಇಳಿಯೋವರೆಗೂ ಆ ರೊಟ್ಟೀನ ಚಹಾದಲ್ಲಿ ಅದ್ದಿ ಅದ್ದಿ ತಿಂದೆ. ಒಂದು ಚೂರೂ ಬಿಡ್ಲಿಲ್ಲ."

"ಹಾಗಾದ್ರೆ ಬಲ್ಬು ವಾಪಸ್ ಹಾಕಿಬಿಡ್ಲಾ ಅತ್ತಿಗೆ?"

"ಬೇಡ ಕಣಪ್ಪ. ನೌರೂಜ್ ಹಬ್ಬಕ್ಕೆ ಮಗು ನೋಡೋಕೆ ಮತ್ತೆ ಹೋಗಬೇಕು. ಇವರಿಗೆ ಇನ್ನೊಂದು ರೊಟ್ಟಿ ಕಚ್ಚಿ ಕೊಟ್ಟು ಹೋಗ್ತೀನಿ. ಪಕ್ಕದಲ್ಲಿ ಕೂರಿಸ್ಕೊಂಡು ತಿರುಗ್ಲಿ."

ನಿಲ್ದಾಣಕ್ಕೆ ನಿಲ್ದಾಣವೇ ಹೋ ಎಂದು ಕೂಗಿತು. ಹಮ್ದಮಣ್ಣನ ಕಿವಿ ಕೆಂಪಾಯಿತು. ಟೋಪಿ ನೆಟ್ಟಗೆ ಮಾಡಿಕೊಂಡ, ಕೆಮ್ಮಿದ, ಕೊನೆಗೆ ಮೆಲ್ಲಗೆ ಅಂದ:

"ಹೋಗೋದೇನೋ ಸರಿ. ಬೇಗ ಬಾ."