ಉದ್ಧರಣೆ ಹೇಳಿದ ಸಾಕ್ಷಿ

ಬೆಳಿಗ್ಗೆ ಪೂಜೆ ಮುಗಿಸಿ ಎದ್ದಿದ್ದೆ ಅಷ್ಟೆ. ದೇವರ ಮಾಡದ, ಅಂದರೆ ಗೋಡೆಗೂಡಿನ, ಶಹಾಬಾದಿ ಕಲ್ಲಿನ ಮೇಲಿದ್ದ ಪಂಚಪಾತ್ರೆಯೊಳಗೆ ಉದ್ಧರಣೆ ತಾನೇ ತಾನಾಗಿ ಟಿಣಿಟಿಣಿ ಎನ್ನತೊಡಗಿತು. ಪಂಚಪಾತ್ರೆ ಗೊತ್ತಲ್ಲ ನಿಮಗೆ, ತೀರ್ಥದ ತಾಮ್ರದ ಪುಟ್ಟ ಲೋಟ; ಉದ್ಧರಣೆ ಅದರ ಚಮಚ. ಭೂಕಂಪವೇನೂ ಅಲ್ಲ. ಪಕ್ಕದ ಮನೆಯಲ್ಲಿ ಬಸುರಿ ಸೊಸೆಯ ಕುಬಸ. ಸೌಂಡ್ ಸೆಟ್ಟಿನವನು ಆಳೆತ್ತರದ ಎರಡು ಡಬ್ಬಿಗಳನ್ನು ತಂದು ನಮ್ಮ ಗೋಡೆಗೇ ಆನಿಸಿ ನಿಲ್ಲಿಸಿದ್ದ. ಹಾಡು ಯಾವುದೋ ತಿಳಿಯಲಿಲ್ಲ. ಅದರ ಅಡಿಯ ಗುಂಗುಂ ಮಾತ್ರ ಗೋಡೆ ದಾಟಿ ಬಂದಿತ್ತು.

"ಏ, ನಮ್ಮ ಪಲ್ಲ್ಯಾನ ಕಡೇಂವ ಬಂದ್ನೇನು?" ಎಂದರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮವರು, ತಮ್ಮನನ್ನು ನೆನೆಸಿಕೊಂಡು.

ನಾನು ನಕ್ಕೆ. ನಕ್ಕ ದನಿ ನನಗೇ ಕೇಳಿಸಿತು, ಕೂಡಲೇ ಬಾಯಿ ಮುಚ್ಚಿಕೊಂಡೆ.

ಯಾಕೆ ಮುಚ್ಚಿಕೊಂಡೆನೆಂದು ಮೊದಲು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಗಂಟಲಲ್ಲಿ ಗಡ್ಡೆಯಾಗಿ ಕಲಬುರಗಿಯಲ್ಲಿ ಕೊಯ್ಸಿದೆವು. ಕೆಟ್ಟ ಗಡ್ಡೆಯಲ್ಲ ಎಂದು ರಿಪೋರ್ಟು ಬಂತು, ರಾಯರ ದಯೆ. ನುಂಗಲು ಬರುತ್ತದೆ, ಮಾತಾಡಲು ಬರುತ್ತದೆ, ಅವೂ ಅವರ ದಯೆಯೇ. ಇರುವುದನ್ನು ಬೆರಳು ಮಡಚಿ ಎಣಿಸಿಕೊಳ್ಳುವುದು ನನ್ನ ಚಟ. ಆದರೆ ದನಿ ಮಾತ್ರ ಬಾವಿಯೊಳಗಿಂದ ಬಂದಂತೆ ದಪ್ಪಗಾಯಿತು. ಫೋನಿನಲ್ಲಿ ಗ್ಯಾಸಿನವನು "ಹೇಳ್ರಿ ಸರ್" ಅನ್ನುತ್ತಾನೆ. ಅಂದಿನಿಂದ ಮಠದ ಭಜನಾ ಮಂಡಳಿಗೆ ಹೋಗುವುದನ್ನು ಬಿಟ್ಟಿದ್ದೆ. ಇಪ್ಪತ್ತು ವರ್ಷ ಹಾಡಿದವಳು ಈ ಗಂಡು ದನಿ ತೆಗೆದರೆ ಹುಡುಗಿಯರು ಸೆರಗು ಬಾಯಿಗಿಟ್ಟು ನಗುತ್ತಾರೆಂಬ ಅಂಜಿಕೆ. ಮನೆಯಲ್ಲಿ ದೇವರ ಮುಂದೆ ಕೂಡ ತುಟಿ ಅಲುಗಿಸುವುದಷ್ಟೇ. ಮಂಡಳಿಯ ಇಂದಿರಾಬಾಯಿ ಪ್ರತಿ ಏಕಾದಶಿಗೂ ಫೋನು ಮಾಡುತ್ತಾರೆ. ಇವತ್ತೂ ಏಕಾದಶಿ. "ಸಂಜೀಕೆ ಬರ್ರಿ, ಸುಮ್ನ ಬಂದರ ಕುಂದ್ರಿ" ಅಂದಿದ್ದರು. ನೋಡೋಣ ಎಂದು ತೇಲಿಸಿದ್ದೆ. ಹೋಗಬೇಕೆಂಬ ಆಸೆ ಎಷ್ಟಿತ್ತೆಂದು ಅವರಿಗೇನು ಗೊತ್ತು.

ಈಗ ಉದ್ಧರಣೆಯ ಕಡೆ ಬರೋಣ.

ಮದುವೆಯಾದ ಹೊಸದರಲ್ಲಿ ನಾವಿದ್ದದ್ದು ವಾಡಿಯಲ್ಲಿ. ನಮ್ಮವರು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಕ್ವಾರ್ಟರ್ಸಿನ ಹಿತ್ತಲ ಬಾಗಿಲು ತೆರೆದರೆ ಹಳಿ. ಅತ್ತೆ, ನಾವಿಬ್ಬರು, ಮತ್ತೆ ನನ್ನ ಮೈದುನ ಪ್ರಲ್ಹಾದ. ಹೊರಗೆ ಪ್ರಲ್ಹಾದಾಚಾರ್, ಮನೆಯಲ್ಲಿ ಪಲ್ಲ್ಯಾ. ಸಿಮೆಂಟ್ ಕಾರ್ಖಾನೆಯ ಕಾಲೊನಿಯಲ್ಲಿ ನಾಲ್ಕು ಜನ ಸೇರಿ ಒಂದು ಬ್ಯಾಂಡು ಮಾಡಿಕೊಂಡಿದ್ದರು. ಅದರಲ್ಲಿ ಇವನದು ಬೇಸ್ ಗಿಟಾರು, ಹಾಡಿನ ಅಡಿಯ ಗುಂಗುಂ ನುಡಿಸುವುದು. ದಪ್ಪ ದಪ್ಪ ನಾಲ್ಕೇ ತಂತಿ. ನಾನು ಮೊದಲ ಸಲ ನೋಡಿದಾಗ, ಎರಡು ತಂತಿ ಹರಿದಿವೆ, ಪಾಪ, ಹಾಕಿಸಿಕೊಳ್ಳಲು ಪುರುಸೊತ್ತಾಗಿಲ್ಲ ಅಂದುಕೊಂಡಿದ್ದೆ.

ಏಕಾದಶಿ ಬಂತೆಂದರೆ ನಮ್ಮ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಹಾಗಾಗಿ ಆ ದಿನ ಎಲ್ಲರಿಗೂ ಕೈ ಖಾಲಿ, ಹೊಟ್ಟೆ ಖಾಲಿ. ಅಣ್ಣತಮ್ಮಂದಿರು ಹಸಿವು ಮರೆಯಲು ವಾದಕ್ಕೆ ಕೂರುತ್ತಿದ್ದರು. ಬೇರೆ ಮನೆಯಲ್ಲಿ ರಾಜಕಾರಣವೋ ಕ್ರಿಕೆಟ್ಟೋ ಇರುತ್ತಿತ್ತೇನೋ. ನಮ್ಮಲ್ಲಿ ಒಂದೇ ವಿಷಯ. ಇಂಗ್ಲಿಷ್ ರಾಕ್ ಹಾಡುಗಳಲ್ಲಿ ಬೇಸ್ ಬಾರಿಸುವವರೊಳಗೆ ಎಲ್ಲರಿಗಿಂತ ದೊಡ್ಡವನು ಯಾರು? ಹೈದರಾಬಾದಿನಿಂದ ತರಿಸಿದ ಕ್ಯಾಸೆಟ್ಟುಗಳು ಸಾಕ್ಷಿಗೆ. ಹೆಸರು ಕೇಳಬೇಡಿ, ತಪ್ಪು ಬರೆದೇನು. ನಮ್ಮವರ ಮೆಚ್ಚಿನವನ ಕೈ ಅರಳು ಹುರಿದಂತೆ ಚಟಪಟ ಓಡುತ್ತಿತ್ತು, ಅವನಿಗೆ ನಾನು 'ಓಡೋಂವ' ಎಂದು ಹೆಸರಿಟ್ಟಿದ್ದೆ. ಪಲ್ಲ್ಯಾನ ಮೆಚ್ಚಿನವನು ಕ್ಯಾಸೆಟ್ಟಿನ ಚಿತ್ರದಲ್ಲೂ ಮೂಲೆಯಲ್ಲಿ ಅರ್ಧ ಮುಖ ಕಾಣುವಂತೆ ನಿಂತಿದ್ದ. ಅವನು 'ನಿಂತಾಂವ'. ಆಮೇಲಾಮೇಲೆ ಅವರೂ ಅದೇ ಹೆಸರು ಹಿಡಿದರು.

"ನಿನ್ನ ನಿಂತಾಂವ ಒಂದ ಪದದಾಗ ಎಷ್ಟು ಸಲ ತಂತಿ ಮುಟ್ಟತಾನೋ? ಪಗಾರ ತಗೊಂಡು ನಿದ್ದಿ ಮಾಡೋ ಆಳು ಅಂವ."

"ಅಣ್ಣಾ, ಮುಟ್ಟೋದು ಎಲ್ಲಾರಿಗೂ ಬರ್ತದ. ಎಲ್ಲಿ ಮುಟ್ಟಬಾರದು ಅಂತ ತಿಳಿಬೇಕಲ್ಲ?"

"ಹಂಗಾದ್ರ ನಾನೂ ದೊಡ್ಡಾಂವನ. ಎಲ್ಲೂ ಮುಟ್ಟಿಲ್ಲ ನೋಡು."

ಒಳಗಿನಿಂದ ಅತ್ತೆ ಜಪಮಣಿ ಹಿಡಿದೇ ಕೂಗುತ್ತಿದ್ದರು, "ಇಬ್ರೂ ಸುಮ್ನಿರ್ರೋ. ಎಲ್ಲಾರಕಿಂತ ದೊಡ್ಡಾಂವ ನಮ್ಮ ಚಿತ್ತಾಪುರದ ತಂಬೂರಿ ಭೀಮಾಚಾರಿ. ನಾಲ್ಕು ತಾಸು ಮೀಟಿದ್ರೂ ಕೈ ನೋಯ್ತದ ಅಂದಾಂವಲ್ಲ." ಅದಕ್ಕೆ ಇಬ್ಬರೂ ಸೇರಿ ಕ್ಯಾಸೆಟ್ಟಿನ ದನಿ ಏರಿಸುತ್ತಿದ್ದರು.

ಅತ್ತೆಯವರಿಗೆ ಏನಿದ್ದರೂ ದೇವರ ಪ್ರಸಾದ ಕೇಳುವ ರೂಢಿ. ಹೂವು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಎಮ್ಮೆ ಕೊಳ್ಳುವುದಕ್ಕೂ ಕೇಳುತ್ತಿದ್ದರು, ಉಪ್ಪಿನಕಾಯಿ ಹಾಕುವುದಕ್ಕೂ ಕೇಳುತ್ತಿದ್ದರು. ಒಂದು ಏಕಾದಶಿ, ಪಲ್ಲ್ಯಾನ ಕ್ಯಾಸೆಟ್ಟು ಹಾಡುವಾಗ ಮಾಡದ ಕಲ್ಲಿನ ಮೇಲೆ ಉದ್ಧರಣೆ ನಡುಗಿದ್ದು ಅವರ ಕಣ್ಣಿಗೆ ಬಿತ್ತು. ತಾನೇ ಮಾಡಿದ ಕಟ್ಟಿಗೆಯ ಸ್ಪೀಕರ್ ಡಬ್ಬಿಯನ್ನು ಅವನು ದೇವರ ಮನೆಯ ಗೋಡೆಗೇ ಒತ್ತಿ ಇಟ್ಟಿದ್ದ. ಅತ್ತೆ ಹೊರಗೆ ಬಂದು, "ಸುಮ್ನ ಯಾಕ ಬಡದಾಡ್ತೀರಿ? ಮುಂದಿನ ಏಕಾದಶಿಗೆ ಇಬ್ರೂ ಒಂದೊಂದು ಪದ ಹಚ್ರಿ. ಯಾರ ಪದಕ್ಕ ಉದ್ಧರಣಿ ಅಲಗತದ, ಅವರ ಮಾತು ಖರೆ. ಆಮ್ಯಾಲ ಈ ಮನ್ಯಾಗ ಆ ಮಾತು ಬಂದ್" ಎಂದರು.

ಜಗತ್ತಿನಲ್ಲಿ ಎಲ್ಲಿಯಾದರೂ ಬೇಸ್ ಬಾರಿಸುವವರ ಹಿರಿಮೆಯನ್ನು ತೀರ್ಥದ ಚಮಚ ತೀರ್ಮಾನಿಸಿದ್ದುಂಟೋ? ನಮ್ಮ ಮನೆಯಲ್ಲಿ ಉಂಟು.

ಆ ಏಕಾದಶಿ ಬಂತು. ಅತ್ತೆ ಮಾಡದ ಮುಂದೆ ಮಣೆ ಹಾಕಿ ಕುಳಿತರು. ಮೊದಲು ನಮ್ಮವರ ಓಡೋಂವ. ಅವನು ಓಡಿದ, ಹಾರಿದ, ಕುಣಿದ. ಉದ್ಧರಣೆ ಮಿಸುಕಲಿಲ್ಲ. "ಜರಾ ತಡಿ ಅಣ್ಣಾ, ಕ್ಯಾಸೆಟ್ಟು ತಿರುವಬೇಕು" ಎಂದು ಪಲ್ಲ್ಯಾ ಏನೋ ಮಾಡುತ್ತ ಹೊತ್ತು ಕಳೆದ. ಆಮೇಲೆ ನಿಂತಾಂವನ ಹಾಡು ಹಚ್ಚಿದ. ಅರ್ಧ ನಿಮಿಷವೂ ಆಗಿಲ್ಲ, ಉದ್ಧರಣೆ ಟಿಣಿಟಿಣಿ ಟಿಣಿಟಿಣಿ, ಪಂಚಪಾತ್ರೆಯೊಳಗಿನ ನೀರೆಲ್ಲ ಉಂಗುರ ಉಂಗುರ. ಅತ್ತೆ ಕೈ ಮುಗಿದರು. "ಆತಪ್ಪ. ತೀರ್ಪು ಬಂತು." ನಮ್ಮವರು ದೇವರ ಮಾತಿಗೆ ಎದುರಾಡುವವರಲ್ಲ. ಸೋಲೊಪ್ಪಿಕೊಂಡು ಎದ್ದುಹೋದರು.

ನಾನು ಹಿತ್ತಲ ಬಾಗಿಲಲ್ಲಿ ತುಳಸಿ ಬಿಡಿಸುತ್ತ ಕುಳಿತಿದ್ದೆ. ನನ್ನ ಕಣ್ಣ ಮುಂದೆಯೇ ಸಿಮೆಂಟು ತುಂಬಿದ ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ಎಳೆದುಕೊಂಡು ಹೋಗುತ್ತಿತ್ತು. ವಾಡಿಯಲ್ಲಿ ವರ್ಷಗಟ್ಟಲೆ ಇದ್ದವರಿಗೆ ರೈಲು ಕೇಳಿಸುವುದಿಲ್ಲ. ನಮಗೆ ನಮ್ಮ ಉಸಿರು ಕೇಳಿಸುತ್ತದೆಯೇ? ಹಾಗೆ. ನಾನು ಹೊಸಬಳು, ನನಗಿನ್ನೂ ಕೇಳಿಸುತ್ತಿತ್ತು. ಪಲ್ಲ್ಯಾ ಕ್ಯಾಸೆಟ್ಟು ತಿರುವುವಾಗ ನಾಲ್ಕು ಸಲ ಗಡಿಯಾರ ನೋಡಿದ್ದನ್ನೂ ಕಂಡಿದ್ದೆ.

ಉದ್ಧರಣೆ ಅಲುಗಿಸಿದ್ದು ಹಾಡಲ್ಲ, ಗೂಡ್ಸ್ ಎಂದು ಅತ್ತೆಯವರಿಗೆ ಹೇಳಿಬಿಡಬೇಕೆಂದೇ ಎದ್ದೆ. ಅಷ್ಟರಲ್ಲಿ ಪಲ್ಲ್ಯಾ ನನ್ನನ್ನು ಕರೆದ. "ವೈನೀ, ಇಲ್ಲಿ ಬರ್ರಿ. ಈ ಡಬ್ಬಿ ಮ್ಯಾಲೆ ಅಂಗೈ ಇಡ್ರಿ. ಕಿವೀಲೆ ಕೇಳಬ್ಯಾಡ್ರಿ, ಕೈಲೆ ಕೇಳ್ರಿ." ಇಟ್ಟೆ. ಅಂಗೈಯೊಳಗೆ ಏನೋ ನಡೆದು ಹೋಗುತ್ತಿತ್ತು, ನಿಧಾನ, ಗರ್ಭಿಣಿ ಮೆಟ್ಟಿಲಿಳಿದಂತೆ. "ಈಗ ಅಂವನ್ನ ತೆಗೀತೀನಿ" ಎಂದು ಒಂದು ಗುಂಡಿ ತಿರುಗಿಸಿದ. ಹಾಡು ನಿಲ್ಲಲಿಲ್ಲ, ಹಾಡುವವನು ಹಾಡುತ್ತಲೇ ಇದ್ದ. ಆದರೆ ಬೇಳೆ ಹಾಕದ ಹುಳಿಯಂತಾಯಿತು. ಹುಣಸೆನೀರು ಒಂದು ಕಡೆ, ಬದನೆಕಾಯಿ ಒಂದು ಕಡೆ, ಒಗ್ಗರಣೆ ಮೇಲೆ ತೇಲುತ್ತ.

ತೊಗರಿ ಬೆಳೆಯುವ ನಾಡಿನವರು ನಾವು. ಆದರೂ ಹುಳಿ ಉಂಡವರು ಒಗ್ಗರಣೆ ಛಲೋ ಆಗೇದ ಅನ್ನುತ್ತಾರೆಯೇ ಹೊರತು ಬೇಳೆಯನ್ನು ಹೊಗಳಿದ್ದು ನಾನು ಕಾಣೆ. ಅಂದು ನಾನು ಬಾಯಿ ಬಿಡಲಿಲ್ಲ. ಸಾಕ್ಷಿ ಸುಳ್ಳು, ತೀರ್ಪು ಖರೆ. ಹೀಗಿದ್ದಾಗ ಏನು ಮಾಡಬೇಕೆಂದು ಯಾವ ಆಚಾರ್ಯರೂ ನನಗೆ ಹೇಳಿಕೊಟ್ಟಿರಲಿಲ್ಲ.

ಇದನ್ನೆಲ್ಲ ನೆನೆಯುತ್ತಿರುವಾಗಲೇ, ಇವತ್ತು ಮಧ್ಯಾಹ್ನ, ಶಹಾಬಾದಿನಲ್ಲಿರುವ ಪಲ್ಲ್ಯಾನಿಗೆ ಫೋನು ಹಚ್ಚಿದೆ. ಅವನಿಗೂ ಈಗ ತಲೆ ನೆರೆತಿದೆ. ಮೊಮ್ಮಗಳಿಗೆ ಗಿಟಾರು ಕಲಿಸುತ್ತಿದ್ದಾನೆ.

"ಹೇಳು ಅಣ್ಣಾ" ಎಂದ.

"ಅಣ್ಣ ಅಲ್ಲ, ನಾನು."

"ಹೋ, ವೈನಿ! ನಾಲ್ಕನೇ ತಂತಿ ಮೀಟಿಧಂಗ ಆತಲ್ರಿ."

ಬೇಸಿನಲ್ಲಿ ಎಲ್ಲಕ್ಕಿಂತ ದಪ್ಪ ದನಿಯ ತಂತಿ ಅದು. ನನಗೆ ಕಣ್ಣು ತುಂಬಿತು. ಬೈಗುಳವಲ್ಲ, ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ಮಾತು ತಪ್ಪಿಸಲು, "ಪಲ್ಲಣ್ಣಾ, ಆ ದಿವಸ ಗೂಡ್ಸ್ ಬರೋ ಟೈಮಿಗೆ ಪದ ಹಚ್ಚಿದಿ ಅಂತ ನಂಗ ಗೊತ್ತದ" ಎಂದುಬಿಟ್ಟೆ.

ಆ ಕಡೆ ಜೋರು ನಗು. ಈ ಕಡೆ ನಮ್ಮವರ ಕೈಯಿಂದ ಪೇಪರ್ ಕೆಳಗೆ ಬಿತ್ತು. ಫೋನು ಸ್ಪೀಕರಿನಲ್ಲಿತ್ತು, ನಾನು ನೋಡಿರಲಿಲ್ಲ.

"ಏನಂದಿ? ಏ ಪಲ್ಲ್ಯಾ, ಕಳ್ಳ! ನಾ ರೈಲ್ವೆದಾಗ ನೌಕರಿ ಮಾಡಿದಾಂವ. ನನಗ ಗೂಡ್ಸಿನ ಮೋಸ?"

"ಅಣ್ಣಾ, ಟೈಮ್ ಟೇಬಲ್ ನಿನ್ನ ಟೇಬಲ್ ಮ್ಯಾಲೇ ಇತ್ತು, ನೋಡಿಕೋಬೇಕಿತ್ತು!"

"ಮತ್ತ ನೀ?" ಎಂದು ನನ್ನ ಕಡೆ ತಿರುಗಿದರು. "ಮೂವತ್ತು ವರ್ಷ ಹೊಟ್ಟ್ಯಾಗ ಇಟಗೊಂಡು ಕುಂತಿದ್ದಿ?"

"ಏನು ಮಾಡ್ಲಿ? ನಿಂತಾಂವನ ಖರೆ ದೊಡ್ಡಾಂವ ಇದ್ದ" ಎಂದೆ. ಅಣ್ಣತಮ್ಮಂದಿರು ಮತ್ತೆ ಮೊದಲಿನಿಂದ ಶುರುಮಾಡಿದರು. ನನ್ನನ್ನು ಮರೆತರು.

ನಾನು ದೇವರ ಮನೆಗೆ ಬಂದೆ. ಪಕ್ಕದ ಮನೆಯ ಸದ್ದು ನಿಂತಿತ್ತು. ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಕದ ಓರೆ ಮಾಡಿ, ಒಂದು ದೇವರನಾಮದ ಮೊದಲ ಸಾಲನ್ನು ಬಂದ ದನಿಯಲ್ಲೇ ಅಂದೆ. ಕಿವಿಗೆ ಹಿತವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅಂಗೈಯೊಳಗೆ ಅದೇ ನಡಿಗೆ ಹಾದುಹೋಯಿತು.

ಸಂಜೆ ಹೋದೆ. ಎಲ್ಲರ ಹಿಂದೆ, ಕಂಬಕ್ಕೆ ಒರಗಿ ಕುಳಿತೆ. ಇಂದಿರಾಬಾಯಿಯವರದು ಎತ್ತರದ ದನಿ. ಆದರೆ ಮೂರನೆಯ ನುಡಿಗೆ ಬರುವಷ್ಟರಲ್ಲಿ ಶ್ರುತಿ ಬಿಟ್ಟು ಮೇಲೇರುವುದು ಅವರ ರೂಢಿ, ಉಳಿದವರೆಲ್ಲ ಹಿಂದೆ ಹಿಂದೆ ಏಣಿ ಹತ್ತಬೇಕು. ಮೊದಲ ನುಡಿಗೆ ಸುಮ್ಮನಿದ್ದೆ. ಎರಡನೆಯದಕ್ಕೆ ಕಣ್ಣು ಮುಚ್ಚಿ, ಎಲ್ಲರಿಗಿಂತ ಕೆಳಗೆ ದನಿ ಕೂಡಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ ನೋಡಿದ್ದು ಕಣ್ಣು ಮುಚ್ಚಿದರೂ ತಿಳಿಯಿತು. ನಿಲ್ಲಿಸಲಿಲ್ಲ. ಮೂರನೆಯ ನುಡಿ ಬಂತು, ಹೋಯಿತು. ಇಂದಿರಾಬಾಯಿ ಮೇಲೇರಲಿಲ್ಲ.

ಮಂಗಳಾರತಿ ಆದಮೇಲೆ ಅವರೇ ಹಿಂದೆ ಬಂದರು. "ಏನವಾ ಇದು, ಇವತ್ತ ಪದ ನೆಲ ಬಿಟ್ಟು ಹೋಗಲಿಲ್ಲ. ನೀವೇನ್ರಿ? ಮುಂದಿನ ಸಲ ಮೈಕಿನ ಬಾಜೂ ಕುಂದ್ರಿ."

"ಬ್ಯಾಡ್ರಿ. ನಂದು ಹಿಂದಿನ ಜಾಗಾನ ಛಲೋ ಅದ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ಮನೆಗೆ ಬಂದಾಗ ನಮ್ಮವರು ಬಾಗಿಲಲ್ಲೇ ಇದ್ದರು. ನಾಳೆ ದ್ವಾದಶಿ, ನಸುಕಿನಲ್ಲೆದ್ದು ಅಡುಗೆಯಾಗಬೇಕು, ತೊಗರಿಬೇಳೆ ಈಗಲೇ ಆರಿಸಿಡಬೇಕು ಎಂದು ಮೊರ ಕೈಗೆ ತೆಗೆದುಕೊಂಡೆ.

"ಹ್ಯಾಂಗಾತು?" ಎಂದರು.

"ಉದ್ಧರಣಿ ಅಲುಗಿತು."

ಅವರು ನನ್ನನ್ನೇ ನೋಡಿದರು. "ಗೂಡ್ಸ್?"

"ಇಲ್ಲ" ಎಂದೆ. "ಇವತ್ತ ಗೂಡ್ಸ್ ಇದ್ದಿಲ್ಲ."