ಜೋಡಿ ಸೀನಿನ ಕಂಪನಿ

ಶಕುನ ಗಿಕುನ ನಾನು ನಂಬುವುದಿಲ್ಲ. ಆದರೆ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಹೊಸ್ತಿಲ ಬಳಿ ನಿಂತುಬಿಡುತ್ತೇನೆ, ಇನ್ನೊಂದು ಬರಲಿ ಎಂದು. ಒಂದು ಸೀನು ಕೆಟ್ಟದ್ದು, ಎರಡು ಶುಭ. ಈ ಚಟ ಅಂಟಿದ್ದು ನನ್ನ ಸೋದರಮಾವನಿಂದ. ಆತ ಇದರ ಮೇಲೆ ಒಂದು ಕಂಪನಿಯನ್ನೇ ಕಟ್ಟಿದ್ದ.

ಅರವತ್ತರ ದಶಕದಲ್ಲಿ ಮಾವ ನಮ್ಮ ರೇಷ್ಮೆ ಸೀಮೆಯ ವಿಜಯಪುರದಲ್ಲಿ ಜಮೀನು, ಸೈಟು ಕೊಡಿಸುವ ದಲ್ಲಾಳಿ. ಮದುವೆಯಾಗಿರಲಿಲ್ಲ. ಓದಿದ್ದು ಕಡಿಮೆ, ಏರಿಸುತ್ತಿದ್ದ ನಶ್ಯ ಜಾಸ್ತಿ. ಕೊಳ್ಳುವವನೂ ಮಾರುವವನೂ ಬೆಲೆಗೆ ಒಪ್ಪುವ ಹೊತ್ತಿಗೆ ಸರಿಯಾಗಿ ಒಂದು ಚಿಟಿಕೆ ಏರಿಸಿ ಎರಡು ಬಾರಿ ಸೀನುತ್ತಿದ್ದ. ಹಾಗೆ ಕೊಂಡ ಒಬ್ಬನ ಬಾವಿಯಲ್ಲಿ ನೀರು ಬಿತ್ತು. ಇನ್ನೊಬ್ಬನ ಕಳೆದುಹೋಗಿದ್ದ ಎಮ್ಮೆ ತಾನಾಗಿ ಮನೆಗೆ ಬಂತು. ಅಲ್ಲಿಂದ ಜನ ಮಣ್ಣು ನೋಡುವುದನ್ನು ಬಿಟ್ಟು ಮಾವನ ಮೂಗು ನೋಡತೊಡಗಿದರು.

ಮೂಗು ಒಂದೇ, ಹೋಬಳಿಗಳು ಹಲವು. ಮಾವ ಮಧುರೆ ಹೋಬಳಿಯಲ್ಲೊಬ್ಬನಿಗೆ, ಜಡಿಗೇನಹಳ್ಳಿಯಲ್ಲೊಬ್ಬನಿಗೆ ತನ್ನ ಹೆಸರಿನ ಬೋರ್ಡನ್ನೂ ಒಂದು ಹಿತ್ತಾಳೆಯ ನಶ್ಯದ ಡಬ್ಬಿಯನ್ನೂ ಕೊಟ್ಟ. ದಲ್ಲಾಳಿ ಹಣದಲ್ಲಿ ಕಾಲು ಪಾಲು ಮಾವನಿಗೆ. ಜೋಡಿ ಸೀನು ಬೀಳದೆ ಯಾರೂ ಅಡ್ವಾನ್ಸ್ ಮುಟ್ಟುವಂತಿಲ್ಲ. ಇದನ್ನೇ ಈಗಿನವರು ಟೈ ಕಟ್ಟಿಕೊಂಡು ಫ್ರಾಂಚೈಸಿ ಎನ್ನುತ್ತಾರೆ. ಒಮ್ಮೆ ಮಧುರೆಯವನು ಮೂರು ಸಲ ಸೀನಿ ಗೊಂದಲ ಎಬ್ಬಿಸಿದ. ಮಾವ ಎರಡು ಬಸ್ಸು ಬದಲಿಸಿ ಹೋಗಿ, "ಮೂರನೇದು ನಿನ್ನ ಸ್ವಂತದ್ದು ಕಣಯ್ಯಾ, ಕಂಪನೀದಲ್ಲ" ಎಂದು ತೀರ್ಪು ಕೊಟ್ಟು ಬಂದ.

ಕ್ರಯಪತ್ರ ಬರೆಯುವವರು ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಂದು ನೆಲದಡಿಯ ಕಲ್ಲನ್ನೂ ಬಿಡದೆ ಬರೆಯುತ್ತಾರೆ. ಸೀನಿಗೆ ಮಾತ್ರ ಅದರಲ್ಲಿ ಜಾಗವಿಲ್ಲ. ನಮ್ಮ ಕಡೆಯವರು ಪತ್ರಕ್ಕಿಂತ ಹೆಚ್ಚಾಗಿ ನೆಚ್ಚಿದ್ದು ಅದನ್ನೇ.

ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಮಾವನ ಮನೆಯ ಹಿಂಭಾಗದಲ್ಲಿದ್ದೆವು. ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಅಮ್ಮನಿಗೆ ಇದ್ದದ್ದು ಒಂದೇ ಆಸೆ: ತನ್ನದೇ ಒಂದು ಹೊಸ್ತಿಲು. ಊರಿಗೆಲ್ಲ ಸೈಟು ಕೊಡಿಸಿದವನು ಅಕ್ಕ ಕೇಳಿದಾಗಲೆಲ್ಲ, "ಒಳ್ಳೇದು ಬರ್ಲಿ ತಡಿ" ಎನ್ನುತ್ತಿದ್ದ. ವರ್ಷಗಟ್ಟಲೆ ತಡೆದ ಅಮ್ಮ ಕೊನೆಗೆ ತಾನೇ ಒಂದು ಸೈಟು ಹುಡುಕಿದಳು. ದಲ್ಲಾಳಿಯಾಗಿ ಮಾವ ಬರಲೇಬೇಕಾಯಿತು.

ಬೆಲೆ ಕುದುರಿತು. ಮಾವ ಚಿಟಿಕೆ ಏರಿಸಿದ. ಒಂದು ಸೀನು ಬಿತ್ತು. ಎಲ್ಲರೂ ಕಾದೆವು. ಮಾವ ಆಕಾಶ ನೋಡಿದ, ಮೂಗು ಹಿಂಡಿಕೊಂಡ. ಎರಡನೆಯದು ಬರಲೇ ಇಲ್ಲ. ಮಾರುವವನು ಟವೆಲ್ ಕೊಡವಿ ಎದ್ದುಬಿಟ್ಟ. "ಒಂಟಿ ಸೀನು. ನಂಗೆ ಬ್ಯಾಡಪ್ಪ ಈ ವ್ಯಾಪಾರ."

ಅಮ್ಮ ಮಾವನ ಕೈಯಿಂದ ಡಬ್ಬಿ ಕಿತ್ತುಕೊಂಡವಳೇ ಒಂದು ಚಿಟಿಕೆ ಏರಿಸಿದಳು. ಬೇಲಿಯ ಮೇಲಿದ್ದ ಕಾಗೆಗಳೆಲ್ಲ ಹಾರಿಹೋಗುವ ಹಾಗೆ ಸೀನಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಇಬ್ರೂ ಒಂದೇ ತಾಯಿ ಮಕ್ಳು. ಅವನ್ದೊಂದು, ನನ್ದೊಂದು, ಎರಡಾಯ್ತು. ಕೂತ್ಕೊಳಪ್ಪ."

ಅಕ್ಕತಮ್ಮ ಹಂಚಿಕೊಂಡು ಸೀನಬಾರದು ಎಂದು ಕಂಪನಿಯ ನಿಯಮದಲ್ಲಿ ಎಲ್ಲೂ ಇರಲಿಲ್ಲ. ಮಾರುವವನು ಕೂತ.

ಮನೆಗೆ ಬರುವ ದಾರಿಯಲ್ಲಿ ಅಮ್ಮ ಕೇಳಿದಳು: "ಎರಡನೇದು ಬಂದಿತ್ತು. ಬೇಕಂತ ತಡೆದೆ, ಅಲ್ವೇನೋ?"

ಮಾವ ಟವೆಲಿನಲ್ಲಿ ಮೂಗು ಒರೆಸಿಕೊಂಡ. "ಹೂಂ ಕಣಕ್ಕ. ನೀನು ಹೊರಟ್ಹೋದ್ರೆ ನಾನು ಬೆಳಿಗ್ಗೆ ಎದ್ದು ಯಾರನ್ನ ಬೈಲಿ?"

ನನಗೆ ಕೆಂಡದಂಥ ಕೋಪ ಬಂತು. ಆಮೇಲೆ ಮಾವನ ಕೆಂಪಾದ ಮೂಗು ನೋಡಿ ಅಯ್ಯೋ ಎನ್ನಿಸಿತು.

ಆ ಸೈಟಿನಲ್ಲಿ ಮನೆ ಕಟ್ಟಿ ನಾವು ಅಲ್ಲಿಗೆ ಹೋದ ವಾರಕ್ಕೆ ಮಾವ ಒಂದು ಬೋರ್ಡು ಕಂಕುಳಲ್ಲಿಟ್ಟುಕೊಂಡು ಬಂದ. ಯಾರನ್ನೂ ಕೇಳದೆ ನಮ್ಮ ಜಗಲಿಯ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದ. ಕಂಪನಿಯ ಕೊನೆಯ ಶಾಖೆ ಅದು. ಅಲ್ಲಿ ಆತ ಒಂದು ಗೇಣು ಜಾಗವನ್ನೂ ಮಾರಲಿಲ್ಲ. ದಿನಾ ಬೆಳಿಗ್ಗೆ ಬಂದು, ಕಾಫಿ ಕುಡಿದು, ಅಮ್ಮನನ್ನು ಒಂದು ಸಲ ಬೈದು ಹೋಗುತ್ತಿದ್ದ. ಬೈಗುಳ ಒಂಟಿ ಆಗಬಾರದಲ್ಲ, ಅಮ್ಮನೂ ತನ್ನದೊಂದು ಸೇರಿಸಿ ಕಳಿಸುತ್ತಿದ್ದಳು.