ಮೌಶಿಯ ಚಕ್ಕಾ ಕಲ್ಲು

ಬೆಂಗೇರಿಯ ಮೌಶಿಯ ಮನೆಯಿಂದ ಬಂದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರೆ ಮೊದಲು ಹುಳಿ ವಾಸನೆ, ಹಿಂದೆಯೇ ಒದ್ದೆ ಬಟ್ಟೆಯ ವಾಸನೆ. ಬಟ್ಟೆ ಬಿಡಿಸಿದೆ. ನೀರೆಲ್ಲ ಬಸಿದುಹೋದ ಗಟ್ಟಿ ಮೊಸರು, ನಮ್ಮ ಕಡೆ ಅದಕ್ಕೆ ಚಕ್ಕಾ ಎನ್ನುತ್ತೇವೆ, ದುಂಡಗೆ, ಬೆಳ್ಳಗೆ ಕೂತಿತ್ತು. ಅದರ ಮೇಲೆ ಒಂದು ದೊಡ್ಡ ಸುರುಳಿ. ಸುರುಳಿಯ ಅಂಚಿನುದ್ದಕ್ಕೂ ಬಾಚಣಿಗೆ ಎಳೆದಂತೆ ಏಣುಗಳ ಗುರುತು. ಸಕ್ಕರೆ, ಕೇಸರಿ, ಜಾಜಿಕಾಯಿ ಸೇರಿಸಿ ತಿಕ್ಕಿದರೆ ನಾಳೆ ಯುಗಾದಿಗೆ ಶ್ರೀಖಂಡ. ತಿಕ್ಕುವುದು ನನ್ನ ಪಾಲಿನ ಕೆಲಸ. ಆದರೆ ಆ ಗುರುತಿನ ಮೇಲೆ ಕೈ ಹಾಕಲು ಮನಸ್ಸಾಗಲಿಲ್ಲ. ಕಥೆ ಗೊತ್ತಿದ್ದರೆ ನೀವೂ ಹಾಕುತ್ತಿರಲಿಲ್ಲ.

ಪದ್ದಿ ಮೌಶಿ ನನ್ನ ಅವ್ವನ ತಂಗಿ. ಅವಳ ಅಡಿಗೆಮನೆಯಲ್ಲಿ ಊಟದ ತಾಟಿನಷ್ಟು ಅಗಲದ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರದ ಒಂದು ಕಂದು ಕಲ್ಲಿದೆ. ಬಸವನಹುಳು ಮೈ ಚಾಚದೆ ಮಲಗಿದಂತೆ ಅದರ ಆಕಾರ. ಮೊಸರು ಕಟ್ಟಿದ ಬಟ್ಟೆಯನ್ನು ಓರೆಯಾಗಿಟ್ಟ ಮಣೆಯ ಮೇಲೆ ಇಟ್ಟು, ಅದರ ಮೇಲೆ ಈ ಕಲ್ಲು ಹೇರುವುದು ಅವಳ ಪದ್ಧತಿ. ಊರೆಲ್ಲ ಮೊಸರು ತೂಗುಹಾಕಿದರೆ ಅವಳು ಒತ್ತುತ್ತಾಳೆ. ತೂಗುಹಾಕಿದ ಚಕ್ಕಾ ಅವಳ ಲೆಕ್ಕದಲ್ಲಿ ಚಕ್ಕಾ ಅಲ್ಲ, ಸೋಮಾರಿತನ.

ಕಲ್ಲು ಎಲ್ಲಿಂದ ಬಂತು ಎಂದು ಅವಳ ಗಂಡನನ್ನು ಕೇಳಬೇಕು, ಕೇಳಿ ಪ್ರಯೋಜನವಿಲ್ಲ. ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಒಮ್ಮೆ ಅದು ಗುಜರಾತಿನ ಯಾವುದೋ ಸ್ಟೇಷನ್ನಿನಲ್ಲಿ ಯಾರೋ ಬಿಟ್ಟುಹೋದ ಕಲ್ಲು. ಇನ್ನೊಮ್ಮೆ ತಮಿಳುನಾಡಿನ ಹಳಿಯ ಪಕ್ಕದ ಜಲ್ಲಿ ರಾಶಿಯಲ್ಲಿ ಸಿಕ್ಕಿದ್ದು. ಚಹಾ ತಡವಾದ ದಿನ, ಬೆಂಗೇರಿ ಮನೆಯ ಪಾಯ ತೆಗೆಯುವಾಗ ಎದ್ದದ್ದು. ನಾವು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಊಟಕ್ಕೆ ಕರೆದರೆ ಸಾಕು.

ತಲೆ ಕೆಡಿಸಿದವನು ಗುಂಡಣ್ಣ ಮಾಮಾ. ಒಂದಿಷ್ಟು ಶಾಸ್ತ್ರ ಬಲ್ಲ ನಮ್ಮ ದೂರದ ನೆಂಟ. ಕೆಲವು ವರ್ಷಗಳ ಹಿಂದೆ ಮೌಶಿಯ ಮನೆಗೆ ಊಟಕ್ಕೆ ಬಂದು, ಶ್ರೀಖಂಡ ಎರಡು ಸಲ ಹಾಕಿಸಿಕೊಂಡು ಉಂಡು, ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲಿ ಬಿಸಿಲಿಗೆ ಒಣಗಲು ಇಟ್ಟಿದ್ದ ಕಲ್ಲನ್ನು ನೋಡಿ ನಿಂತೇಬಿಟ್ಟ.

“ಪದ್ದಕ್ಕಾ, ಇದು ಸಾಲಿಗ್ರಾಮ ಇದ್ದಂಗ ಅದಲ್ಲ! ಚಕ್ರ ನೋಡಿಲ್ಲಿ. ಇದಕ್ಕ ಅಭಿಷೇಕ ಮಾಡೋದು ಬಿಟ್ಟು ಮೊಸರಿನ ಮ್ಯಾಲೆ ಹೇರಿ ಇಟ್ಟೀಯಲ್ಲ ನೀ!”

ಉಣ್ಣುವ ಮೊದಲೇ ಹಿತ್ತಲಿಗೆ ಹೋಗಿದ್ದರೆ ಏನು ಮಾಡುತ್ತಿದ್ದನೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಅವನೇನೋ ಎಲೆಅಡಿಕೆ ಹಾಕಿಕೊಂಡು ಹೋದ. ಮೌಶಿ ಮಾತ್ರ ಅವತ್ತೇ ಕಲ್ಲನ್ನು ದೇವರ ಕೋಣೆಗೆ ಸಾಗಿಸಿದಳು. ಮೊಣಕಾಲು ನೋವಿದ್ದರೂ ದಿನಾ ಕೆಳಗೆ ಕೂತು ಅದಕ್ಕೆ ಸ್ನಾನ, ಗಂಧ, ನೈವೇದ್ಯ. ಶ್ರೀಖಂಡ ಬಂದ್ ಆಯಿತು. ಅದಾದರೂ ಸಹಿಸಬಹುದಿತ್ತು. ಅವಳ ನಗುವೂ ಬಂದ್ ಆಯಿತು. “ಇಷ್ಟು ವರ್ಷ ದೇವರನ್ನ ಹುಳಿ ನೀರಾಗ ಇಟ್ಟೆನಲ್ಲೋ ತಮ್ಮಾ” ಎನ್ನುತ್ತಿದ್ದಳು. ಕಾಕಾನ ಕಣ್ಣಿನ ಪೊರೆ, ಅಂಗಳದ ಬಾವಿ ಬತ್ತಿದ್ದು, ನನ್ನ ಕೂದಲು ಉದುರಿದ್ದು, ಎಲ್ಲ ಒಂದೊಂದಾಗಿ ಆ ಮೊಸರಿನ ಖಾತೆಗೆ ಜಮಾ ಆಗತೊಡಗಿದವು. ಚಿಂತೆ ಮಾಡುವುದು ಮನೆತನದಲ್ಲಿ ನನ್ನ ಇಲಾಖೆ. ಅವಳು ಅದರಲ್ಲಿ ನನ್ನನ್ನು ಮೀರಿಸುವುದನ್ನು ನೋಡಲಾಗಲಿಲ್ಲ. ಇದು ಸಾಲಿಗ್ರಾಮ ಅಲ್ಲ ಎಂದು ತಿಳಿದವರಿಂದ ಹೇಳಿಸಿಬಿಟ್ಟರೆ ಅವಳು ಗೆದ್ದಳು ಎಂದುಕೊಂಡೆ.

ಕೆಲಗೇರಿ ಕೆರೆಯ ದಂಡೆಯಲ್ಲಿ ಬೆಳಗಿನ ವಾಕಿಂಗಿಗೆ ಬರುವ ನದಾಫ್ ಮೇಡಂ ಪರಿಚಯವಿತ್ತು. ಜನ್ಮವೆಲ್ಲ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಒಂದು ಭಾನುವಾರ ಕಲ್ಲನ್ನು ಕೆಲಗೇರಿಯ ಅವರ ಮನೆಗೆ ಕಾರಿನಲ್ಲಿ ಹೊರಡಿಸಿದೆ. ದೇವರನ್ನು ಡಿಕ್ಕಿಯಲ್ಲಿ ಹಾಕಬಾರದೆಂದು ಮೌಶಿ ಅದನ್ನು ಮುಂದಿನ ಸೀಟಿನಲ್ಲಿ ಮಡಿ ಬಟ್ಟೆ ಹಾಸಿ ಕೂರಿಸಿ, ತಾನು ಕಾಕಾನ ಜೊತೆ ಹಿಂದೆ ಕೂತಳು. ಕಾರು ಹೊರಟಿದ್ದೇ ಕೊಂಯ್ ಕೊಂಯ್ ಶುರು. ಪಕ್ಕದಲ್ಲಿ ಯಾರೋ ಬೆಲ್ಟ್ ಹಾಕದೆ ಕೂತಿದ್ದಾರೆಂದು ಅದರ ತಿಳುವಳಿಕೆ. ಕಲ್ಲಿಗೆ ಬೆಲ್ಟ್ ಬಿಗಿದ ಮೇಲೆಯೇ ಸುಮ್ಮನಾಯಿತು. “ಕಾರಿಗೂ ಗೊತ್ತಾತು ನೋಡು, ಒಳಗ ಯಾರೋ ಇದ್ದಾರ ಅಂತ” ಎಂದಳು ಮೌಶಿ. ನವಲೂರು ದಾಟುವವರೆಗೆ ನನಗೆ ಯಾವುದಾದರೂ ಸಿಗ್ನಲ್ಲಿನಲ್ಲಿ ಪೊಲೀಸರು ಕೇಳಿದರೆ ಏನು ಹೇಳುವುದೆಂಬುದೇ ಚಿಂತೆ.

“ಬರ್ರಿ, ಬರ್ರಿ. ಎಲ್ಲೈತ್ರಿ ಪೇಶಂಟು?” ಎಂದರು ಮೇಡಂ. ಕಲ್ಲನ್ನು ಮೇಜಿನ ಮೇಲೆ ಇಡಿಸಿ, ಭೂತಗನ್ನಡಿ ಹಿಡಿದು ಬಗ್ಗಿದರು. ಅಮೊನೈಟ್ ಇದ್ದಂತಿದೆ ಎಂದರು. ಆಕ್ಟೋಪಸ್ಸಿನ ದೂರದ ಬಳಗ. ಹಳೆಯ ಸಮುದ್ರಗಳಲ್ಲಿ ಚಿಪ್ಪಿನ ಸುರುಳಿಯೊಳಗೆ ಕೂತು ಈಜಾಡಿ, ಸತ್ತು, ಕೆಸರಿನಲ್ಲಿ ಹೂತು ಕಲ್ಲಾದ ಪ್ರಾಣಿ.

“ಅದೆಲ್ಲಾ ಖರೇರಿ ಮೇಡಂ,” ಎಂದಳು ಮೌಶಿ. “ಸಾಲಿಗ್ರಾಮ ಹೌದೋ ಅಲ್ಲೋ, ಅಷ್ಟು ಹೇಳಿಬಿಡ್ರಿ.”

‘ಅಲ್ಲ’ ಎನ್ನಲಿ ಎಂದು ನಾನು ಅವರ ಕಡೆ ಕಣ್ಣು ಹೊಡೆಯುವುದೊಂದು ಬಾಕಿ. ಮೇಡಂ ಕನ್ನಡಕ ತೆಗೆದಿಟ್ಟರು.

“ಸುಳ್ಳು ಹೇಳಂಗಿಲ್ರಿ ಅಕ್ಕಾರ. ಗಂಡಕಿ ನದ್ಯಾಗಿನ ಸಾಲಿಗ್ರಾಮದಾಗೂ ಇಂಥಾ ಪ್ರಾಣೀನ ಇರತೈತಿ. ಇದು ಆ ನದೀದಲ್ಲ. ಅದು ಕರೀ ಕಲ್ಲು, ಇದು ಕಂದು ಸುಣ್ಣದಕಲ್ಲು. ಆದ್ರ ಬಳಗ ಒಂದ. ದೇವರು ಹೌದೋ ಅಲ್ಲೋ ಅನ್ನೋದು ನನ್ನ ಸಬ್ಜೆಕ್ಟ್ ಅಲ್ರಿ.”

ಮೌಶಿಯ ಮುಖ ಸಣ್ಣದಾಯಿತು. ಒಂದು ಅನುಮಾನವನ್ನು ಕಳೆಯಲು ಕರೆತಂದವನು ಅದಕ್ಕೆ ಸಾಕ್ಷಿ ಕೊಡಿಸಿ ಕೂತಿದ್ದೆ. ಮಾತು ತಿರುಗಿಸಲು, ಹಾಗಾದರೆ ಇದು ಎಲ್ಲಿಯದು ಎಂದು ಕೇಳಿದೆ.

“ನಮ್ಮ ಧಾರವಾಡದ ನೆಲದ್ದಂತೂ ಅಲ್ಲ. ಇಲ್ಲಿನ ಬಂಡಿಗಲ್ಲು ಆದಾಗ ಚಿಪ್ಪಿನ ಪ್ರಾಣಿ ಇನ್ನೂ ಹುಟ್ಟಿದ್ದಿಲ್ಲ. ಕಚ್ಛದ್ದು ಇರಬಹುದು.”

“ಗುಜರಾತ್ ಅಂತ ನಾ ಹೇಳಿದ್ದಿಲ್ಲೇನು?” ಎಂದರು ಕಾಕಾ.

“ಇಲ್ಲಾಂದ್ರ ಅರಿಯಲೂರು ಕಡೇದು, ತಮಿಳುನಾಡು.”

“ಅದೂ ಹೇಳೀನಿ.”

“ಒಂದು ಚೂರು ಕೊರದು ನೋಡಿದ್ರ ಗೊತ್ತಾಗಬಹುದು.”

“ಕೊರಿಯೂದು ಬ್ಯಾಡ್ರಿ,” ಎಂದಳು ಮೌಶಿ, ತನ್ನ ಕೈಯನ್ನೇ ಕೊರೆಯಲು ಬಂದವರಂತೆ.

ಆಗ ಮೇಡಂ ನನ್ನ ಸಹಾಯದಿಂದ ಕಲ್ಲನ್ನು ಮಗುಚಿದರು. ಮೊಸರಿಗೆ ತಾಗುತ್ತಿದ್ದ ಮಗ್ಗಲು ಅದು. ನಾವು ಯಾರೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಏಣುಗಳೆಲ್ಲ ಸವೆದು ನುಣ್ಣಗಾಗಿದ್ದ ಆ ಮೈ ತುಂಬ ಸಣ್ಣ ಸಣ್ಣ ಎಲೆ, ಎಲೆಯ ಅಂಚಿಗೆ ಮತ್ತೆ ಎಲೆ, ಇಳಕಲ್ ಸೀರೆಗೆ ಕಸೂತಿ ಹಾಕಿದ ಹಾಗೆ. ಮೇಡಂ ಮತ್ತೆ ಭೂತಗನ್ನಡಿ ಎತ್ತಿಕೊಂಡರು.

“ಇದನ್ನ ಹಿಂಗ ಸ್ವಚ್ಛ ಮಾಡಿದವರು ಯಾರ್ರಿ?”

ಮೌಶಿ ಸೆರಗು ಮುದ್ದೆ ಮಾಡುತ್ತ ಎಲ್ಲ ಒಪ್ಪಿಕೊಂಡಳು. ಮೊಸರು, ಮಣೆ, ಹುಳಿ ನೀರು, ಗುಂಡಣ್ಣ. ಮೇಡಂ ನಗಲು ಶುರು ಮಾಡಿದವರು ಕುರ್ಚಿ ಹಿಡಿದುಕೊಳ್ಳಬೇಕಾಯಿತು.

“ಅಕ್ಕಾರ, ಇಂಥಾದರ ಮ್ಯಾಲಿನ ಚಿಪ್ಪು ಹೋಗಲಿ ಅಂತ ನಾವು ಲ್ಯಾಬಿನ್ಯಾಗ ಆಸಿಡ್ ಹಚ್ಚಿ, ಹೆದರಿ ಹೆದರಿ ಕುಂದರತಿದ್ವಿ. ನಿಮ್ಮ ಮೊಸರು ಅದನ್ನ ಸಾವಕಾಶ ಮಾಡೈತಿ. ಈ ಎಲಿ ಎಲ್ಲಾ ಚಿಪ್ಪಿನೊಳಗ ಪ್ರಾಣಿ ಕಟ್ಟಿಕೊಂಡಿದ್ದ ಕೋಣಿಗಳ ಗೋಡಿ ಗುರುತು. ಈಗ ‘ಇದ್ದಂಗೈತಿ’ ಅನ್ನೂದು ಬ್ಯಾಡ. ಅಮೊನೈಟೇ. ಇದನ್ನ ನೋಡಿದ ಮ್ಯಾಲೆ ಯಾರೂ ಇಲ್ಲ ಅನ್ನಂಗಿಲ್ಲ.”

ಮೌಶಿ ಎದ್ದು ಮೇಜಿನ ಹತ್ತಿರ ಹೋದಳು. ಆ ಎಲೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಏ ತಮ್ಮಾ, ದೇವರಿಗೆ ಸಿಟ್ಟು ಬಂದಿದ್ರ ಅಂವ ಮಾರಿ ಮುಚ್ಚಿಕೋತಿದ್ದ. ಇಲ್ಲಿ ನೋಡು, ಎಷ್ಟು ಛಂದ ಮಾಡಿ ತೋರಿಸ್ಯಾನ.”

ಅಷ್ಟೇ. ಕಣ್ಣಿನ ಪೊರೆ, ಬಾವಿ, ನನ್ನ ಕೂದಲು, ಎಲ್ಲ ಆ ಒಂದು ಮಾತಿನಲ್ಲಿ ಖುಲಾಸೆಯಾದವು. ಹೊರಡುವಾಗ ಮೇಡಂ, ಇನ್ನೊಂದು ಮಗ್ಗಲಿನ ಕಸೂತಿಯೂ ಕಂಡರೆ ಯಾವ ಜಾತಿಯ ಅಮೊನೈಟ್ ಎಂದು ಹೇಳಲು ಅನುಕೂಲವಾಗುತ್ತಿತ್ತು ಎಂದು ಸುಮ್ಮನೆ ಅಂದರು. ಮೌಶಿ ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. ಮುಂದಿನ ಹಬ್ಬಕ್ಕೆ ಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಏರಿಸಿ, ಕೈಮುಗಿದು, ಏಣು ಸವೆಯದ ಮಗ್ಗಲು ಕೆಳಗಾಗುವಂತೆ ಮಗುಚಿ ಮೊಸರಿನ ಮೇಲೆ ಇಟ್ಟಳು. ಮೊದಲ ಡಬ್ಬಿ ಕೆಲಗೇರಿಗೆ, ಮೇಡಂ ಮನೆಗೆ ಹೋಯಿತು. ಈಗಲೂ ಮೊದಲ ಡಬ್ಬಿ ಅಲ್ಲಿಗೇ.

ಹಾಗಾಗಿ ನನ್ನ ಮುಂದಿರುವ ಚಕ್ಕಾದ ಮೇಲೆ ಏಣುಗಳು ಇಷ್ಟು ಸ್ಪಷ್ಟ. ಮೌಶಿಗೆ ಫೋನ್ ಮಾಡಿದೆ. ಆ ಮಗ್ಗಲಿಗೆ ಕಸೂತಿ ಬಂತೇ, ನಮ್ಮ ಕಾಲಕ್ಕೆ ಬರುತ್ತದೆಯೇ, ಬರದಿದ್ದರೆ ಮುಂದೆ ಮೊಸರು ಒತ್ತುವವರು ಯಾರು, ಎಂದು ನನ್ನ ಎಂದಿನ ಪಟ್ಟಿ ಬಿಚ್ಚಿದೆ.

“ಅವಗ ಅವಸರ ಇಲ್ಲ, ನನಗ ಅವಸರ ಇಲ್ಲ. ನಿನಗ್ಯಾಕೋ? ಲಗೂ ತಿಕ್ಕು, ನೀರು ಬಿಟ್ಟೀತು.”

ತಿಕ್ಕಿದೆ. ಸಕ್ಕರೆ ಸುರಿದು, ಅಂಚಿನಿಂದ ಶುರು ಮಾಡಿ, ಏಣುಗಳನ್ನು ದಾಟುತ್ತ, ಸುರುಳಿ ಹೋದ ದಾರಿಯಲ್ಲೇ ಒಳಗೆ ಒಳಗೆ ಹೋದೆ. ನಡುವಿನ ಚುಕ್ಕೆ ಮಾತ್ರ ಉಳಿಯಿತು. ಅದಕ್ಕಿನ್ನೂ ಸಕ್ಕರೆ ತಾಗಿರಲಿಲ್ಲ. ಡಾಕ್ಟರು ನನಗೆ ಸಕ್ಕರೆ ಬೇಡವೆಂದಿದ್ದಾರೆ, ಹುಳಿ ಬೇಡವೆಂದಿಲ್ಲ. ಅಷ್ಟನ್ನು ಬೆರಳಲ್ಲಿ ಎತ್ತಿ, ಯಾವ ಚಿಂತೆಯೂ ಇಲ್ಲದೆ, ಹುಳಿಯಾಗಿಯೇ ನೆಕ್ಕಿದೆ.